ಮೂಲೆ ಕ್ಲೀನಾಯ್ತು, ಕಸ ಎಲ್ಲೋಯ್ತು?

ಬೆಂಗಳೂರಿನ ಯಾವ ಏರಿಯಾಗಾದ್ರೂ ಕರ್ಕೊಂಡೋಗಿ, ಅಲ್ಲಿ ಕಸ ಎಲ್ಲಿ ಬೀಳುತ್ತೆ ಅಂತ ಯಾರನ್ನೂ ಕೇಳದೆ ಹೇಳಿಬಿಡ್ತೀನಿ. ಬೆಸ್ಕಾಂ ಟ್ರಾನ್ಸ್‌ಫಾರ್ಮರ್ ಕೆಳಗೆ, ಖಾಲಿ ಸೈಟಿನ ಕಾಂಪೌಂಡ್ ಪಕ್ಕ, ಸರ್ಕಾರಿ ಶಾಲೆಯ ಹಿಂದಿನ ಗೋಡೆಗೆ, ಫ್ಲೈಓವರ್ ಕಂಬದ ಬುಡಕ್ಕೆ, ರಾಜಕಾಲುವೆ ದಾಟೋ ಸೇತುವೆ ತಿರುವಿಗೆ. ಈ ಎಲ್ಲಾ ಜಾಗಕ್ಕೂ ಇರೋದು ಒಂದೇ ಲಕ್ಷಣ, ಎದುರಿಗೆ ಯಾರ ಮನೆ ಬಾಗಿಲೂ ಇರಲ್ಲ. ಬಾಗಿಲಿದ್ರೆ ಅಲ್ಲೊಬ್ಬರು ಅಜ್ಜಿ ಕೂತಿರ್ತಾರೆ, ಅಜ್ಜಿ ಇದ್ದ ಕಡೆ ಕವರ್ ಎಸೆಯೋಕೆ ಗುಂಡಿಗೆ ಬೇಕು.

ಪಾಲಿಕೆ ಭಾಷೇಲಿ ಇದಕ್ಕೆ ಬ್ಲಾಕ್ ಸ್ಪಾಟ್ ಅಂತಾರೆ. ನಮ್ಮ ಏರಿಯಾದ ಒಂದಷ್ಟು ಜನ ಶನಿವಾರ ಬೆಳಿಗ್ಗೆ ಸೇರ್ಕೊಂಡು ಇಂಥ ಮೂಲೆಗಳನ್ನ ಕ್ಲೀನ್ ಮಾಡಿ ಬಣ್ಣ ಹೊಡಿಯೋ ಕೆಲಸ ಮಾಡ್ತೀವಿ, ನಾನೂ ಹೋಗ್ತೀನಿ. ಅದರ ಬಗ್ಗೆ ಬರಿ ಬರಿ ಅಂತ ಫ್ರೆಂಡ್ಸ್ ತುಂಬಾ ದಿನದಿಂದ ಹೇಳ್ತಿದ್ರು, ಮೊದಲು ಮತ್ತು ನಂತರ ಅಂತ ಎರಡು ಫೋಟೋ ಹಾಕಿ ನಾಲ್ಕು ಸಾಲು ಸ್ಫೂರ್ತಿದಾಯಕವಾಗಿ ಬರೆದ್ರೆ ಮುಗೀತಲ್ಲ ಅಂತ. ಆದ್ರೆ ನನ್ ತಲೇಲಿರೋದು ಆ ಎರಡು ಫೋಟೋಗಳ ಮಧ್ಯ ನಡೆಯೋದು, ಮತ್ತೆ ಎರಡನೇ ಫೋಟೋ ತೆಗೆದು ಎಲ್ಲರೂ ಇಡ್ಲಿ ವಡೆ ತಿನ್ನೋಕೆ ಹೋದ ಮೇಲೆ ನಡೆಯೋದು. ಅದು ಸ್ವಲ್ಪ ಉದ್ದದ ಕಥೆ, ಟೈಮ್ ಇದ್ರೆ ಓದಿ.

ಈ ಊರಲ್ಲಿ ಇದಕ್ಕೊಂದು ದಾರಿ ಹಾಕಿಕೊಟ್ಟವರು ಯಾರು ಅಂತ ಬೆಂಗಳೂರಿನವರಿಗೆ ಹೇಳೋದು ಬೇಡ. 2010ರ ಆಸುಪಾಸಲ್ಲಿ ಚರ್ಚ್ ಸ್ಟ್ರೀಟ್ ಕಡೆಯಿಂದ ಶುರುವಾದ ‘ದಿ ಅಗ್ಲಿ ಇಂಡಿಯನ್’ ಗುಂಪು. ಅಧ್ಯಕ್ಷರಿಲ್ಲ, ಕಾರ್ಯದರ್ಶಿ ಇಲ್ಲ, ಸನ್ಮಾನ ಇಲ್ಲ, ಕೊನೆಗೆ ಹೆಸರೂ ಇಲ್ಲ. ‘ಕಾಮ್ ಚಾಲೂ, ಮೂಹ್ ಬಂದ್’ ಅನ್ನೋದೇ ಅವರ ಮಂತ್ರ, ಬಾಯಿ ಮುಚ್ಚು ಕೆಲಸ ಮಾಡು ಅಂತ. 2014ರಲ್ಲಿ ಟೆಡ್‌ಎಕ್ಸ್ ವೇದಿಕೆ ಮೇಲೆ ಬಂದು ಮಾತಾಡಿದವರು ಕೂಡ ಮುಖವಾಡ ಹಾಕ್ಕೊಂಡೇ ಬಂದಿದ್ರು, ಅನಾಮಿಕ ನಾಗರಿಕ ಅಂತ ಹೆಸರಿಟ್ಕೊಂಡು. ಒಂದು ಗಣೇಶನ ಪೆಂಡಾಲ್ ಹಾಕಿದ್ರೂ ಇಪ್ಪತ್ತು ಜನರ ಮುಖ ಇರೋ ಫ್ಲೆಕ್ಸ್ ಕಟ್ಟೋ ಊರಲ್ಲಿ ಇದೊಂದು ಪವಾಡಾನೇ. ಫ್ಲೈಓವರ್ ಕಂಬಗಳ ಮೇಲೆ ನೀವು ನೋಡಿರೋ ಆ ತ್ರಿಕೋನ ತ್ರಿಕೋನದ ಡಿಸೈನ್ ಇದ್ಯಲ್ಲ, ಅದು ಅವರಿಂದ ಬಂದಿದ್ದು. ಆ ಡಿಸೈನಲ್ಲಿ ಒಂದು ಬುದ್ಧಿವಂತಿಕೆ ಇದೆ, ಟೇಪ್ ಅಂಟಿಸಿ ಕೊಟ್ರೆ ಜನ್ಮದಲ್ಲಿ ಬ್ರಷ್ ಹಿಡಿಯದವರೂ ತುಂಬಬಹುದು, ಮಕ್ಕಳೂ ಮಾಡಬಹುದು, ಕಲಾವಿದರು ಬರೋವರೆಗೂ ಕಾಯೋ ಹಂಗಿಲ್ಲ.

ಗೋಡೆಯ ಕೆಳಗಿನ ಎರಡಡಿಗೆ ಇಟ್ಟಿಗೆ ಕೆಂಪು ಹೊಡಿಯೋದು ಇನ್ನೊಂದು ಉಪಾಯ. ಎಲೆ ಅಡಿಕೆ, ಗುಟ್ಕಾ ಉಗಿದ್ರೂ ಕಾಣಲ್ಲ, ಮಳೆಯಲ್ಲಿ ಮಣ್ಣು ಸಿಡಿದ್ರೂ ಕಾಣಲ್ಲ. ಎಲ್ಲರೂ ಇದನ್ನ ಏನೋ ಹೊಸ ಸಂಶೋಧನೆ ಅನ್ನೋ ಥರ ಹೇಳ್ತಾರೆ, ನಂಗೆ ನಗು ಬರುತ್ತೆ, ನಮ್ಮಜ್ಜಿ ಊರಲ್ಲಿ ಸುಣ್ಣ ಹೊಡೆದ ಗೋಡೆಗೆ ಬುಡದಲ್ಲಿ ಕೆಮ್ಮಣ್ಣಿನ ಕಾರಣೆ ಬಿಡ್ತಿದ್ದಿದ್ದು ಇದೇ ಲೆಕ್ಕಾಚಾರಕ್ಕೆ.

ಸರಿ, ಒಂದು ಮೂಲೆ ವಿಷ್ಯ ಹೇಳ್ತೀನಿ. ನಮ್ಮ ಮನೆಯಿಂದ ಎರಡು ಕ್ರಾಸ್ ಆಚೆ ಒಂದು ಟ್ರಾನ್ಸ್‌ಫಾರ್ಮರ್, ಅದರ ಹಿಂದೆ ಖಾಲಿ ಸೈಟು. ಅಲ್ಲಿ ಕಸ ಯಾವಾಗ ಶುರುವಾಯ್ತು ಅಂತ ಏರಿಯಾದಲ್ಲಿ ಯಾರಿಗೂ ನೆನಪಿರಲಿಲ್ಲ. ಅವತ್ತು ಹೋದಾಗ ಸೊಂಟದೆತ್ತರ ಇತ್ತು. ಗ್ಲೌಸು, ಮಾಸ್ಕು, ಗುದ್ದಲಿ, ಸಲಿಕೆ, ಬಾಂಡ್ಲಿ ಎಲ್ಲಾ ತಂದು ಶುರು ಮಾಡಿದ್ವಿ. ಮೇಲಿನ ಪದರ ಮಾಮೂಲಿ, ಕಪ್ಪು ಕವರುಗಳು, ಡೈಪರ್, ನಾಯಿ ಕಿತ್ತು ಹರಡಿದ ಅನ್ನ ಸಾಂಬಾರು. ಅದರ ಕೆಳಗೆ ಎಳನೀರು ಬುರುಡೆ, ಥರ್ಮಾಕೋಲು, ಹರಿದ ದಿಂಬು. ಇನ್ನೂ ಕೆಳಗೆ ಆಯುಧಪೂಜೆಯ ಬಾಳೆಕಂದು ಕೊಳೆತು ನಾರಾಗಿತ್ತು. ಅದರ ಕೆಳಗೆ ಇಟ್ಟಿಗೆ ಚೂರು, ಟೈಲ್ಸು, ಒಡೆದ ಕಮೋಡು. ಅಷ್ಟೂ ಕಟ್ಟಡ ಕೆಡವಿದ ಮಣ್ಣು. ಅಲ್ಲಿಗೆ ಬಂದಾಗ ನಮ್ ಜೊತೆ ಇದ್ದ ಒಬ್ರು ಸಿವಿಲ್ ಇಂಜಿನಿಯರ್ ಅಂಕಲ್ಲು, ನೋಡಿ ಇದೇ ಇದರ ಬೀಜ ಅಂದ್ರು. ರಾತ್ರಿ ಹೊತ್ತು ಯಾವನೋ ಒಬ್ಬ ಟ್ರ್ಯಾಕ್ಟರ್ ತಂದು ಒಂದು ಲೋಡ್ ಡೆಬ್ರಿಸ್ ಸುರಿದು ಹೋಗ್ತಾನೆ, ಬೆಳಿಗ್ಗೆ ನೋಡಿದವರಿಗೆ ಓ ಇದು ಕಸ ಹಾಕೋ ಜಾಗ ಅನ್ಸುತ್ತೆ, ಒಂದು ಕವರ್ ಬೀಳುತ್ತೆ, ಒಂದು ಬಿದ್ದ ಮೇಲೆ ಮುಗೀತು.

ಗುದ್ದಲಿ ಟಣ್ ಅಂದಾಗ ಕೆಳಗೆ ಚಪ್ಪಡಿ ಕಲ್ಲು ಸಿಕ್ತು. ಫುಟ್‌ಪಾತು! ಇಷ್ಟು ವರ್ಷ ಆ ಜಾಗಕ್ಕೆ ಬಂದಾಗೆಲ್ಲ ರಸ್ತೆಗಿಳಿದು, ಹಿಂದಿನಿಂದ ಬಿಎಂಟಿಸಿ ಬಸ್ ಹಾರ್ನ್ ಹೊಡಿಸ್ಕೊಂಡು ನಡೆದಿದೀವಿ, ಕಸದ ಕೆಳಗೆ ಒಳ್ಳೆ ಗಟ್ಟಿಮುಟ್ಟಾದ ಫುಟ್‌ಪಾತು ಮಲಗಿತ್ತು.

ಅವತ್ತು ಇನ್ನೊಂದು ವಿಷ್ಯ ಆಯ್ತು. ಟ್ರಾನ್ಸ್‌ಫಾರ್ಮರ್ ಬೇಲಿಗೆ ಒರಗಿಸಿ ದೇವರ ಫೋಟೋಗಳು ಇದ್ವು, ಗಾಜು ಒಡೆದಿದ್ದು, ಗೆದ್ದಲು ಹಿಡಿದಿದ್ದು, ತಿರುಪತಿ ವೆಂಕಟರಮಣ, ಲಕ್ಷ್ಮಿ, ಒಂದು ಸಾಯಿಬಾಬಾ. ಡೈಪರ್ ಎತ್ತೋಕೆ ಹಿಂದೆಮುಂದೆ ನೋಡದ ನಮ್ಮ ಗುಂಪು ಅಲ್ಲಿ ನಿಂತುಬಿಡ್ತು. ಒಬ್ರು ನದಿಗೆ ಬಿಡಬೇಕು ಅಂದ್ರು, ಇನ್ನೊಬ್ರು ಅರಳಿಕಟ್ಟೆ ಹತ್ರ ಇಡೋಣ ಅಂದ್ರು, ಮತ್ತೊಬ್ರು ಯಾವುದೋ ದೇವಸ್ಥಾನದಲ್ಲಿ ಇಂಥ ಫೋಟೋ ತಗೋತಾರಂತೆ ಅಂತ ಗೂಗಲ್ ಮಾಡ್ತಾ ನಿಂತ್ರು. ನಮ್ಮ ರಸ್ತೆ ಗುಡಿಸೋ ಅಕ್ಕ ಅಲ್ಲೇ ಇದ್ರು. ಬಂದ್ರು, ಒಂದೊಂದೇ ಫೋಟೋ ಎತ್ತಿ ಹಣೆಗೆ ಒತ್ಕೊಂಡ್ರು, ಮೊಳೆ ಕಿತ್ರು, ಫ್ರೇಮಿನ ಕಟ್ಟಿಗೆ ಒಂದು ಕಡೆ, ಗಾಜು ಒಂದು ಚೀಲಕ್ಕೆ, ಕಾಗದ ಮಡಚಿ ಇನ್ನೊಂದು ಚೀಲಕ್ಕೆ. “ಗಾಜು ಬೇರೆ ಹಾಕ್ಬೇಕು ಮೇಡಂ, ಗಾಡೀಲಿ ಹುಡುಗ್ರು ಕೈ ಹಾಕಿ ಬೇರ್ಪಡಿಸ್ತಾರಲ್ಲ, ಕುಯ್ಕೊಂಡುಬಿಡ್ತಾರೆ” ಅಂದ್ರು. ಭಕ್ತಿ, ಕೆಲಸ, ಎರಡೂ ಐದು ನಿಮಿಷದಲ್ಲಿ ಮುಗೀತು.

ಮಧ್ಯಾಹ್ನದ ಹೊತ್ತಿಗೆ ಗೋಡೆಗೆ ಪ್ರೈಮರು, ಆಮೇಲೆ ಹಳದಿ, ಬುಡಕ್ಕೆ ಕೆಂಪು, ಮೇಲೆ ವಾರ್ಲಿ ಥರ ಬಿಳಿ ಗೊಂಬೆಗಳು, ಎರಡು ಸಿಮೆಂಟ್ ಕುಂಡ. ಭರ್ಜರಿ ಫೋಟೋ ಬಂತು. ಸೋಮವಾರ ಬೆಳಿಗ್ಗೆ ನೋಡಿದ್ರೆ ಕುಂಡದ ಪಕ್ಕದಲ್ಲೇ ಅಂದವಾಗಿ ಗಂಟು ಹಾಕಿದ ಎರಡು ಕವರು. ವಾರ ಮುಗಿಯೋ ಹೊತ್ತಿಗೆ ಒಂದು ಕುಂಡಾನೂ ಇರಲಿಲ್ಲ, ಗಿಡ ಮಾತ್ರ ಕಿತ್ತು ಅಲ್ಲೇ ಬಿಟ್ಟಿದ್ರು. ಯಾರಿಗೋ ಕುಂಡ ಬೇಕಿತ್ತು, ಗಿಡ ಬೇಕಿರಲಿಲ್ಲ.

ಇಲ್ಲಿ ಒಂದು ಅಡ್ಡಮಾತು. ಗಲೀಜು ಗಲೀಜನ್ನೇ ಕರೆಯುತ್ತೆ ಅನ್ನೋದಕ್ಕೆ ನಮ್ ಅನುಭವ ಬಿಡಿ, ಲೆಕ್ಕ ಇಟ್ಟು ನೋಡಿದವರೂ ಇದ್ದಾರೆ. ನೆದರ್ಲೆಂಡ್ಸ್‌ನ ಗ್ರೋನಿಂಗನ್ ಅನ್ನೋ ಊರಲ್ಲಿ ಸಂಶೋಧಕರು ಸೈಕಲ್ ನಿಲ್ಲಿಸೋ ಒಂದು ಗಲ್ಲೀಲಿ ಪರೀಕ್ಷೆ ಮಾಡಿದ್ರು, 2008ರಲ್ಲಿ ಪ್ರಕಟ ಆಯ್ತು. ಗೋಡೆ ಮೇಲೆ ಗೀಚಬಾರದು ಅಂತ ಬೋರ್ಡ್ ಇದೆ, ಸೈಕಲ್ ಹ್ಯಾಂಡಲ್‌ಗೆ ಒಂದೊಂದು ಪಾಂಪ್ಲೆಟ್ ಸಿಕ್ಕಿಸಿದ್ದಾರೆ, ಹತ್ರ ಕಸದ ಡಬ್ಬಿ ಇಲ್ಲ. ಗೋಡೆ ಕ್ಲೀನ್ ಇದ್ದಾಗ ನೂರಕ್ಕೆ 33 ಜನ ಆ ಕಾಗದ ಕೆಳಗೆ ಎಸೆದ್ರು, ಅದೇ ಗೋಡೆ ಮೇಲೆ ಗೀಚಿದಾಗ 69 ಜನ. ಬೋರ್ಡು ಎರಡು ಸಲಾನೂ ಇತ್ತು. ನಮ್ಮ ‘ಇಲ್ಲಿ ಮೂತ್ರ ವಿಸರ್ಜಿಸಬಾರದು’ ಗೋಡೆಗಳ ನೆನಪಾಯ್ತಾ? ಬೋರ್ಡ್ ನೋಡಿದ್ಮೇಲೇ ಜನಕ್ಕೆ ಓ ಇದೇ ಜಾಗ ಅಂತ ಗೊತ್ತಾಗೋದು. ಬೋರ್ಡ್ ಸಾಕಾಗಲ್ಲ ಅಂತ ನಮ್ಮೋರು ಗಣಪತಿ, ಶಿಲುಬೆ, ಮೆಕ್ಕಾ ಮೂರೂ ಇರೋ ಟೈಲ್ಸ್ ಸಾಲಾಗಿ ಅಂಟಿಸ್ತಾರೆ. ಟೈಲ್ಸ್ ಎಲ್ಲಿ ಮುಗಿಯುತ್ತೋ ಅಲ್ಲಿಂದ ಒದ್ದೆ ಶುರು. ಆದ್ರೆ ಗ್ರೋನಿಂಗನ್ ಲೆಕ್ಕದಲ್ಲಿ ಎಲ್ಲರೂ ಮರೆಯೋ ಅರ್ಧ ಏನಂದ್ರೆ, ಗೋಡೆ ಫಳಫಳ ಅಂತಿದ್ದಾಗ್ಲೂ ಮೂರರಲ್ಲಿ ಒಬ್ಬ ಎಸೆದ, ಯಾಕಂದ್ರೆ ಅವನ ಕೈಲಿ ಕಾಗದ ಇತ್ತು, ಹಾಕೋಕೆ ಡಬ್ಬಿ ಇರಲಿಲ್ಲ.

ನಮ್ಮ ಟ್ರಾನ್ಸ್‌ಫಾರ್ಮರ್ ಮೂಲೆಯ ಆ ‘ಒಬ್ಬ’ ಯಾರು? ನಮ್ಮ ವಾಟ್ಸಾಪ್ ಗ್ರೂಪಲ್ಲಿ ಇದಕ್ಕೆ ಥರಾವರಿ ಉತ್ತರ ಇದ್ವು. ಸಿಸಿಟಿವಿ ಹಾಕಿಸಿ, ಫೋಟೋ ಹಿಡಿದು ಮಾನ ಕಳೀರಿ, ಹೊರಗಿಂದ ಬಂದೋರು ಕಣ್ರೀ ಇವರಿಗೆ ಊರಿನ ಮೇಲೆ ಪ್ರೀತಿ ಇರಲ್ಲ, ಹೀಗೆ. ಅಕ್ಕನ್ನ ಕೇಳಿದ್ರೆ ಗೊತ್ತಾಗುತ್ತೆ ಅಂತ ಯಾರಿಗೂ ಹೊಳೆದಿರಲಿಲ್ಲ. ಕೇಳಿದ್ವಿ. ಕವರ್ ನೋಡೇ ಹೇಳಿದ್ರು. ಈ ಗಂಟು ಹಾಕಿರೋ ಬಿಳಿ ಕವರು ಮೂರನೇ ಮಹಡಿ ಬಾಡಿಗೆಯವರದ್ದು, ಗಂಡ ಹೆಂಡ್ತಿ ಇಬ್ರೂ ಎಂಟಕ್ಕೇ ಹೊರಟುಬಿಡ್ತಾರೆ, ಮನೆಮನೆ ಕಸ ತಗೊಳ್ಳೋ ಆಟೋ ಟಿಪ್ಪರ್ ಬರೋದು ಒಂಬತ್ತೂವರೆ ಮೇಲೆ. ಈ ದೊಡ್ಡ ಕಪ್ಪು ಚೀಲ ಪಿಜಿದು, ಅಷ್ಟೊಂದು ಕಸ ಮನೆ ಕಸದ ಗಾಡಿಯೋರು ತಗೊಳ್ಳಲ್ಲ, ಅವರು ಬೇರೆ ಗಾಡಿಗೆ ದುಡ್ಡು ಕಟ್ಬೇಕು, ಕಟ್ಟಲ್ಲ, ರಾತ್ರಿ ಹುಡುಗನ ಕೈಲಿ ಕಳಿಸ್ತಾರೆ. ಸಂಜೆ ಬೀಳೋದು ಬಜ್ಜಿ ಗಾಡಿಯೋನ ಪೇಪರ್ ಪ್ಲೇಟು. ಭಾನುವಾರದ್ದು ಕೋಳಿ ಅಂಗಡಿ ಪುಕ್ಕ. “ಯಾರೂ ಬೇಕು ಅಂತ ಹಾಕಲ್ಲ ಮೇಡಂ, ಮನೇಲಿಟ್ಕೊಂಡ್ರೆ ವಾಸ್ನೆ ಬರುತ್ತೆ” ಅಂದ್ರು. ಇಷ್ಟು ಮಾಹಿತಿ ಒಂದು ಸಿಸಿಟಿವಿ ಕೊಡಲ್ಲ, ಕೊಟ್ರೂ ‘ಯಾಕೆ’ ಅನ್ನೋದನ್ನ ಹೇಳಲ್ಲ.

ಅಲ್ಲಿಂದ ನಮ್ಮ ಕೆಲಸದ ಸ್ವರೂಪಾನೇ ಬದಲಾಯ್ತು, ಬೋರ್ ಹೊಡೆಸೋ ಕೆಲಸ ಜಾಸ್ತಿ ಆಯ್ತು. ಟಿಪ್ಪರ್ ಡ್ರೈವರ್ ಹತ್ರ ಮಾತಾಡಿ ಆ ಬೀದಿಗೆ ಮೊದಲ ಟ್ರಿಪ್ಪಲ್ಲೇ ಬರೋ ಹಾಗೆ ಮಾಡ್ಕೊಳ್ಳೋದು, ಅದಕ್ಕೆ ಅವನ ಮೇಸ್ತ್ರಿ ಒಪ್ಪಿಗೆ, ಮೇಸ್ತ್ರಿಗೆ ಮೇಲಿನವರ ಒಪ್ಪಿಗೆ. ಪಿಜಿ ಓನರ್ ಹತ್ರ ಹೋಗಿ, ಆಗ ಜಾರಿಯಲ್ಲಿದ್ದ 2016ರ ಘನತ್ಯಾಜ್ಯ ನಿಯಮದ ಪ್ರಕಾರ ದಿನಕ್ಕೆ 100 ಕೆಜಿ ಮೇಲೆ ಕಸ ಬಂದ್ರೆ ನೀವು ಸಗಟು ಲೆಕ್ಕಕ್ಕೆ ಬರ್ತೀರ ಸಾರ್, ವ್ಯವಸ್ಥೆ ನೀವೇ ಮಾಡ್ಕೋಬೇಕು ಅನ್ನೋದು, ಅವರು ನಮ್ದು 99 ಕೆಜಿ ಮೇಡಂ ಅನ್ನೋದು. ಬಾಡಿಗೆಯವರ ಮನೆಗೆ ಹೋಗಿ ಹಸಿ ಕಸದ ಡಬ್ಬಿ ಮೆಟ್ಟಿಲ ಹತ್ರ ಇಟ್ಟು ಹೋಗಿ, ಕೆಳಗಿನ ಮನೆ ಆಂಟಿ ಕೊಡ್ತಾರೆ ಅಂತ ಏರ್ಪಾಡು ಮಾಡೋದು. ಆಂಟಿ ಮೊದಲು ನಾನೇನ್ ಅವರ ಕೆಲಸದೋಳಾ ಅಂದಿದ್ದು, ಆಮೇಲೆ ಆ ಹುಡುಗಿ ಊರಿಂದ ಕೋಡುಬಳೆ ತಂದುಕೊಟ್ಟ ಮೇಲೆ ಒಪ್ಪಿದ್ದು. ಇದ್ಯಾವುದರದ್ದೂ ಫೋಟೋ ಬರಲ್ಲ. ಶನಿವಾರಕ್ಕೆ ಮೂವತ್ತು ಜನ ಬರೋ ಗುಂಪಲ್ಲಿ ಇಂಥ ಕೆಲಸಕ್ಕೆ ಮೂರು ಜನ ಸಿಗಲ್ಲ.

ಕೊನೆಗೆ ಆ ಮೂಲೇನ ಉಳಿಸಿದ್ದು ಬಣ್ಣಾನೂ ಅಲ್ಲ, ನಾವೂ ಅಲ್ಲ. ಒಬ್ಬರು ಹೂ ಮಾರೋ ಅಮ್ಮ. ಜಾಗ ಕ್ಲೀನ್ ಆಯ್ತಲ್ಲ, ಒಂದಿನ ಬಂದು ಗೋಣಿಚೀಲ ಹಾಸಿ ಕನಕಾಂಬರ, ಸೇವಂತಿಗೆ ಮೊಳ ಅಳೀತಾ ಕೂತ್ರು. ಅವತ್ತಿಂದ ಅಲ್ಲೊಂದು ಬಾಗಿಲು ಬಂದ ಹಾಗಾಯ್ತು. ಬೆಳಿಗ್ಗೆ ಬರ್ತಾನೇ ಎದುರಿಗೆ ನೀರು ಚಿಮುಕಿಸಿ ರಂಗೋಲಿ ಹಾಕ್ತಾರೆ, ಯಾರಾದ್ರೂ ಕವರ್ ಹಿಡ್ಕೊಂಡು ಸ್ಕೂಟರ್ ನಿಧಾನ ಮಾಡಿದ್ರೆ ಅವರು ಬಾಯಿ ತೆಗೆದ್ರೆ ಸಾಕು, ಮುಂದಿನ ಸಿಗ್ನಲ್‌ವರೆಗೂ ಕೇಳುತ್ತೆ. ನಮ್ಮ ಗ್ರೂಪಲ್ಲಿ ಇದಕ್ಕೆ ಸಂಭ್ರಮ ಪಡ್ತಾರೆ ಅಂದ್ಕೊಂಡಿದ್ದೆ. ಸಂಘದ ಒಬ್ರು ಹಿರಿಯರು, ಫುಟ್‌ಪಾತ್ ಒತ್ತುವರಿ, ಇವತ್ತು ಹೂವು ನಾಳೆ ಗೋಬಿ, ನಾವು ಇಷ್ಟು ಕಷ್ಟಪಟ್ಟು ಮಾಡಿದ್ದು ಇದಕ್ಕಾ ಅಂತ ಮೆಸೇಜ್ ಹಾಕಿದ್ರು. ಅದಕ್ಕೆ ಹದಿನೇಳು ಥಂಬ್ಸ್ ಅಪ್. ಸುಂದರ ಬೀದಿ ಅಂದ್ರೆ ಕೆಲವರ ಕಣ್ಣಲ್ಲಿ ಯಾರೂ ಇಲ್ಲದ ಬೀದಿ, ಬರೀ ಗೋಡೆ, ಬರೀ ಕುಂಡ. ಆ ವಾದ ಮುಗಿದಿಲ್ಲ, ಹೂವಮ್ಮ ಮಾತ್ರ ಈಗ್ಲೂ ಕೂತಿದ್ದಾರೆ, ಥಂಬ್ಸ್ ಅಪ್ ಒತ್ತಿದವರ ಮನೆಯವರೇ ಅವರ ಹತ್ರ ಹೂ ತಗೊಳ್ತಾರೆ.

ಇನ್ನು ನಾವು ಎತ್ತಿದ ಕಸ. ಅದು ಟ್ರ್ಯಾಕ್ಟರಲ್ಲಿ ಹೋಯ್ತು. ಎಲ್ಲಿಗೆ? ಬೆಂಗಳೂರು ದಿನಕ್ಕೆ ಸುಮಾರು 5,000 ಟನ್ ಕಸ ಮಾಡೋ ಊರು, ಅದು ಯಾರದೋ ಹಿತ್ತಿಲಿಗೆ ಹೋಗಲೇಬೇಕು. ಯಲಹಂಕದ ಆಚೆ ಮಾವಳ್ಳಿಪುರಕ್ಕೆ ವರ್ಷಗಟ್ಟಲೆ ಸುರಿದ್ರು, ನೀರು ಕೆಟ್ಟು, ಜನ ರೋಸಿಹೋಗಿ ಹೋರಾಡಿ 2012ರಲ್ಲಿ ಅದು ನಿಂತಿತು. ಆ ವರ್ಷ ಬೆಂಗಳೂರಿನ ಬೀದಿಬೀದಿಯಲ್ಲಿ ಕಸ ಗುಡ್ಡೆ ಬಿದ್ದು ಗಾರ್ಡನ್ ಸಿಟಿ ಗಾರ್ಬೇಜ್ ಸಿಟಿ ಆಯ್ತು ಅಂತ ಪೇಪರಿನವರೆಲ್ಲ ಬರೆದಿದ್ದು ನಿಮಗೂ ನೆನಪಿರಬಹುದು. ಆಮೇಲೆ ಭಾರ ಎಲ್ಲಾ ಮಂಡೂರಿನ ಮೇಲೆ. ಅಲ್ಲಿಯವರೂ ಲಾರಿ ತಡೆದು ಕೂತು, ಸರ್ಕಾರ ಗಡುವು ಕೊಟ್ಟು, 2014ರ ಡಿಸೆಂಬರ್ 1ಕ್ಕೆ ಅಲ್ಲೂ ನಿಂತಿತು. ಮತ್ತೆ ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿ, ಕಲ್ಲು ತೆಗೆದ ಕ್ವಾರಿಗಳ ಹೊಂಡಕ್ಕೆ. ನಮ್ಮ ಮೂಲೆ ಹಳದಿ ಗೋಡೆಯಾದ ದಿನಾನೇ ಅವರ ಊರಿಗೆ ಒಂದು ಲೋಡ್ ಜಾಸ್ತಿ ಹೋಗಿರುತ್ತೆ. ಅದೂ ಬೇರ್ಪಡಿಸದ ಕಸ, ಹಸಿ ಒಣ ಗಾಜು ಡೈಪರ್ ಎಲ್ಲಾ ಕಲಸಿದ್ದು, ಕಾಂಪೋಸ್ಟಿಗೂ ಆಗಲ್ಲ, ಗುಜರಿಗೂ ಆಗಲ್ಲ.

ಮಂಗಳೂರಿನವರಿಗೆ ಈ ವಿಷಯ ಇನ್ನೂ ಚೆನ್ನಾಗಿ ಗೊತ್ತು. ಅಲ್ಲಿ ರಾಮಕೃಷ್ಣ ಮಿಷನ್‌ನವರು 2015ರಲ್ಲಿ ಸ್ವಚ್ಛ ಮಂಗಳೂರು ಅಂತ ಶುರು ಮಾಡಿದ್ರು. ಭಾನುವಾರ ಭಾನುವಾರ ಬೆಳಿಗ್ಗೆ ಸ್ವಾಮೀಜಿಗಳಿಂದ ಹಿಡಿದು ಕಾಲೇಜು ಮಕ್ಕಳವರೆಗೆ ಪೊರಕೆ ಹಿಡಿದು ಬೀದಿಗಿಳೀತಿದ್ರು, ಬಸ್ ಸ್ಟಾಪು, ಫ್ಲೈಓವರ್ ಅಡಿ, ಗೋಡೆಗಳು, ಒಂದೆರಡು ವಾರದ ಉತ್ಸಾಹ ಅಲ್ಲ, ವರ್ಷಗಟ್ಟಲೆ ಬಿಡದೆ ಮಾಡಿದ್ರು. ಅಷ್ಟು ಶಿಸ್ತಿನ ಶ್ರಮದಾನ ರಾಜ್ಯದಲ್ಲಿ ನಾನು ಬೇರೆಲ್ಲೂ ಕಂಡಿಲ್ಲ. ಅದೇ ಊರಿನ ಅಂಚಲ್ಲಿ 2019ರ ಆಗಸ್ಟ್ ಮಳೆಗೆ ಪಚ್ಚನಾಡಿಯ ಕಸದ ಗುಡ್ಡ ಕುಸಿದು ಕೆಳಗಿನ ಮಂದಾರ ಅನ್ನೋ ಊರಿಗೆ ಹರಿದುಬಂತು, ಮನೆ, ಅಡಿಕೆ ತೋಟ, ತೆಂಗಿನ ತೋಟ, ದಾರಿ, ಎಲ್ಲದರ ಮೇಲೂ. ಮಣ್ಣು ಕುಸಿಯೋದು ಕೇಳಿದ್ವಿ, ಕಸ ಕುಸಿದು ಊರು ಬಿಡೋದು ಅವತ್ತೇ ಕೇಳಿದ್ದು. ಪೊರಕೆ ಹಿಡಿದವರ ತಪ್ಪಲ್ಲ ಅದು ಖಂಡಿತ. ಆದ್ರೆ ಬೀದಿ ಗುಡಿಸಿದ್ರೆ ಊರು ಕ್ಲೀನಾಯ್ತು ಅನ್ನೋ ಮಾತನ್ನ ನಾನು ಆವತ್ತಿಂದ ಅಷ್ಟು ಸಲೀಸಾಗಿ ಆಡಲ್ಲ.

ಹಂಗಂತ ಮನೇಲಿ ಕೂರೋದಾ, ಇಲ್ಲ. ಶನಿವಾರ ಹೋಗ್ತೀನಿ, ಇಷ್ಟಾನೂ ಆಗುತ್ತೆ. ಕೈ ಕೆಸರಾದ್ಮೇಲೇ ಅಲ್ವಾ ಮೋರಿ ಎಲ್ಲಿಂದ ಎಲ್ಲಿಗೆ ಹೋಗುತ್ತೆ ಅಂತ ನಂಗೆ ಗೊತ್ತಾಗಿದ್ದು, ಪಕ್ಕದ ಬೀದಿಯವರ ಹೆಸರು ಗೊತ್ತಾಗಿದ್ದು. ನನಗೆ ಕಸಿವಿಸಿ ಆಗೋದು ಬೇರೆ ಕಡೆ.

ನಾವು ಆರೇಳು ಗಂಟೆ ಕಸ ಎತ್ತಿದ್ರೆ ದಾರೀಲಿ ಹೋಗೋರು ನಿಂತು ಮಜ್ಜಿಗೆ ಕೊಡ್ತಾರೆ, ಗ್ರೇಟ್ ಜಾಬ್ ಅಂತಾರೆ, ಲೋಕಲ್ ಪೇಪರಿನವರು ಫೋಟೋ ತಗೀತಾರೆ. ಪಕ್ಕದಲ್ಲೇ ಅಕ್ಕ ನಿಂತಿರ್ತಾರೆ, ದಿನಾ ಎತ್ತೋರು. ಅವರಿಗೆ ಯಾರೂ ಮಜ್ಜಿಗೆ ಕೊಡಲ್ಲ. ಒಂದು ಸಲ ಮಜ್ಜಿಗೆ ಕೊಟ್ಟ ಮನೆಯವರು ನಮಗೆಲ್ಲ ಸ್ಟೀಲ್ ಲೋಟ ಕೊಟ್ಟು ಅಕ್ಕಂಗೆ ಮಾತ್ರ ಪೇಪರ್ ಕಪ್ ತಂದ್ರು, ಯಾರೂ ಏನೂ ಅನ್ನಲಿಲ್ಲ, ಅಕ್ಕಾನೂ ತಗೊಂಡು ಆ ಕಡೆ ಹೋಗಿ ನಿಂತ್ಕೊಂಡು ಕುಡಿದ್ರು. ಈ ಊರಿನ ಪೌರಕಾರ್ಮಿಕರಲ್ಲಿ ಹೆಚ್ಚಿನವರು ಹೆಂಗಸರು, ಹೆಚ್ಚಿನವರು ದಲಿತರು, ಅದು ಯಾರಿಗೂ ಗೊತ್ತಿಲ್ಲದ ವಿಷಯ ಏನಲ್ಲ. ನಾನು ಕಸ ಮುಟ್ಟಿದ್ರೆ ಸೇವೆ, ಅವರು ಮುಟ್ಟಿದ್ರೆ ಹಣೆಬರಹ ಅನ್ನೋ ಲೆಕ್ಕ ಎಷ್ಟು ಹಳೇದು ಅಂದ್ರೆ, 1901ರ ಕಲ್ಕತ್ತಾ ಕಾಂಗ್ರೆಸ್ಸಿಗೆ ಹೋದ ಗಾಂಧಿ ಕಕ್ಕಸು ಗಲೀಜಾಗಿದೆ ನೋಡಿ ಅಂತ ಸ್ವಯಂಸೇವಕರಿಗೆ ತೋರಿಸಿದ್ರೆ, ಅದು ನಮ್ಮ ಕೆಲಸ ಅಲ್ಲ, ಜಾಡಮಾಲಿಗಳ ಕೆಲಸ ಅಂದ್ರಂತೆ. ಗಾಂಧಿ ಪೊರಕೆ ಕೇಳಿ ಇಸ್ಕೊಂಡು ತಾವೇ ತೊಳೆದ್ರು ಅಂತ ಅವರ ಆತ್ಮಕಥೇಲಿದೆ. ಈ ಕಥೆನ ನಾವು ಗಾಂಧಿ ಜಯಂತಿ ದಿನ ಹೇಳ್ತೀವಿ. ನಮ್ಮ ರಾಜ್ಯದ್ದೇ ಕಥೆ ಒಂದಿದೆ, ಅದನ್ನ ಅಷ್ಟಾಗಿ ಹೇಳಲ್ಲ. ಎಪ್ಪತ್ತರ ದಶಕದಲ್ಲಿ, ದೇವರಾಜ ಅರಸರ ಸರ್ಕಾರದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ತಲೆ ಮೇಲೆ ಮಲ ಹೊರೋ ಪದ್ಧತಿ ನಿಲ್ಲಬೇಕು ಅಂತ ಆದೇಶ ಮಾಡಿಸಿದ್ರು. ಗಾಂಧಿ ಪೊರಕೆ ಹಿಡಿದ್ರು, ಬಸವಲಿಂಗಪ್ಪ ಪೊರಕೆ ಹಿಡಿಸಿದ ವ್ಯವಸ್ಥೆಗೇ ಕೈ ಹಾಕಿದ್ರು. ಫೋಟೋ ಮೊದಲನೇದಕ್ಕೆ ಚೆನ್ನಾಗಿ ಬರುತ್ತೆ.

ನಮ್ಮ ಅಕ್ಕ ಎಷ್ಟೋ ವರ್ಷ ಗುತ್ತಿಗೆ ಲೆಕ್ಕದಲ್ಲಿ ದುಡಿದವರು. ಸಂಬಳ ಎರಡು ತಿಂಗಳಿಗೊಮ್ಮೆ, ಪಿಎಫ್ ಕಟ್ತಿದ್ದಾರೋ ಇಲ್ವೋ ದೇವರೇ ಬಲ್ಲ. 2022ರ ಜುಲೈನಲ್ಲಿ ರಾಜ್ಯದಾದ್ಯಂತ ಪೌರಕಾರ್ಮಿಕರು ಕಾಯಂ ಮಾಡಿ ಅಂತ ಮುಷ್ಕರ ಕೂತಿದ್ರಲ್ಲ, ಅಕ್ಕಾನೂ ಫ್ರೀಡಂ ಪಾರ್ಕಿಗೆ ಹೋಗಿದ್ರು. ಆ ದಿನಗಳಲ್ಲಿ ನಮ್ಮ ಗ್ರೂಪಲ್ಲಿ ಬಂದ ಮೆಸೇಜು ‘ಕಸ ಎತ್ತಿಲ್ಲ, ಏನಾದ್ರೂ ಮಾಡಿ’ ಅನ್ನೋದೇ ಜಾಸ್ತಿ. 2025ರ ಮೇ ದಿನದಂದು ಬೆಂಗಳೂರಿನ 12,000ಕ್ಕೂ ಹೆಚ್ಚು ಪೌರಕಾರ್ಮಿಕರಿಗೆ ಕಾಯಂ ನೇಮಕದ ಆದೇಶ ಪತ್ರ ಕೊಟ್ರು. ಅಕ್ಕನ ಹೆಸರು ಬಂತಾ ಅಂತ ಕೇಳೋಕೆ ನಂಗೆ ಭಯ ಆಗ್ತಿತ್ತು, ಬಂದಿತ್ತು. ಲ್ಯಾಮಿನೇಷನ್ ಮಾಡಿಸಿ ಇಟ್ಕೊಂಡಿದ್ದಾರಂತೆ. ಅವರ ಜೊತೆ ಗುಡಿಸೋ ಇನ್ನೊಬ್ರಿಗೆ ಯಾವುದೋ ದಾಖಲೆ ಹೊಂದ್ತಿಲ್ಲ ಅಂತ ಬಂದಿಲ್ಲ. ಆಟೋ ಟಿಪ್ಪರ್ ಡ್ರೈವರು, ಹೆಲ್ಪರು ಈ ಪಟ್ಟಿಯಲ್ಲೇ ಇರಲಿಲ್ಲ.

ಈಗ ನಮ್ಮ ಗುಂಪಿನ ಮುಂದಿರೋದು ಇನ್ನೊಂದು ಮೂಲೆ, ಪಾರ್ಕಿನ ಹಿಂದಿನ ಗೋಡೆ. ಎಲ್ಲಕ್ಕಿಂತ ಗಲೀಜು ಜಾಗ ಅದು, ವಾಕಿಂಗ್ ಹೋಗೋರಿಗೆಲ್ಲ ಕಣ್ಣು ಕುಕ್ಕುತ್ತೆ, ಅದಕ್ಕೇ ಡಿಸೈನು ಮೊದಲೇ ರೆಡಿ ಆಗಿತ್ತು, ಹೊಂಗೆ ಮರ, ಗುಬ್ಬಚ್ಚಿ, ಒಂದು ಬೆಂಚು. ಮೂರು ಕಂಪನಿ ಹುಡುಗ್ರು ದುಡ್ಡು ಹಾಕ್ತೀವಿ ಅಂದಿದ್ದಾರೆ. ಈ ಸಲ ಮೊದಲೇ ಅಕ್ಕನ್ನ ಕೇಳೋಣ ಅಂತ ಹೋಗಿ ಕೇಳಿದ್ರೆ, ಅವರು ಸ್ವಲ್ಪ ಹೊತ್ತು ಸುಮ್ನಿದ್ದು, “ಅದೊಂದು ಬೇಡ ಬಿಡಿ ಮೇಡಂ” ಅಂದ್ರು.

ಯಾಕೆ ಅಂದ್ರೆ, ಅದು ಜನ ಕಸ ಹಾಕೋ ಜಾಗ ಅಲ್ಲವೇ ಅಲ್ಲ. ಬೆಳಿಗ್ಗೆ ಬೀದಿಬೀದಿಯಿಂದ ಬರೋ ಆಟೋ ಟಿಪ್ಪರ್‌ಗಳು ದೊಡ್ಡ ಕಾಂಪ್ಯಾಕ್ಟರ್ ಲಾರಿಗೆ ಕಸ ತುಂಬೋ ಜಾಗ. ಲಾರಿ ಲೇಟಾದ್ರೆ ಟಿಪ್ಪರ್‌ನವರು ಕೆಳಗೆ ಸುರಿದು ಮುಂದಿನ ಟ್ರಿಪ್ಪಿಗೆ ಓಡ್ತಾರೆ, ಲಾರಿ ಬಂದಾಗ ಅಕ್ಕಂದಿರು ಬಾಂಡ್ಲಿಯಲ್ಲಿ ಎತ್ತಿ ತುಂಬ್ತಾರೆ, ಹಸಿ ಕಸದ ನೀರು ರಸ್ತೆ ತುಂಬಾ. ಗುಡಿಸಿ ಮುಗಿದ ಮೇಲೆ ಒಂದ್ಹತ್ತು ನಿಮಿಷ ಕೂರೋಕೆ, ತಂದಿದ್ದ ಡಬ್ಬಿ ಬಿಚ್ಚೋಕೆ ಅದೇ ಗೋಡೆಯ ನೆರಳು. ಹತ್ರದಲ್ಲಿ ಕೈ ತೊಳೆಯೋಕೆ ನಲ್ಲಿ ಇಲ್ಲ, ಶೌಚಾಲಯ ಅಂತೂ ಕೇಳ್ಲೇಬೇಡಿ, ಪಾರ್ಕಿನ ಶೌಚಾಲಯಕ್ಕೆ ಬೀಗ. “ಅಲ್ಲೂ ನೀವು ಬೆಂಚು ಕುಂಡ ಇಟ್ಟುಬಿಟ್ರೆ ಗಾಡಿ ಇನ್ನೆಲ್ಲಿ ನಿಲ್ಸೋದು? ಇನ್ನೊಂದು ಬೀದಿ ಕೆಡುತ್ತೆ ಅಷ್ಟೇ. ನಮ್ಮನ್ನ ಅಲ್ಲಿಂದ್ಲೂ ಎಬ್ಬಿಸ್ತಾರೆ.”

ಇದನ್ನ ನಾನು ಗ್ರೂಪಲ್ಲಿ ಬರೆದೆ. ಜಗಳ ಆಯ್ತು ಅನ್ನಲ್ಲ, ತುಂಬಾ ಸಭ್ಯವಾದ ಮೆಸೇಜುಗಳು ಬಂದ್ವು. ಕಸ ತುಂಬೋಕೆ ಊರಾಚೆ ಜಾಗ ಮಾಡ್ಕೊಳ್ಲಿ ಅಂತ ಕೆಲವರು. ಊರಾಚೆ ಅಂದ್ರೆ ಎಲ್ಲಿ, ಟಿಪ್ಪರ್ ಅಲ್ಲಿಗೆ ಹೋಗಿ ಬರೋಷ್ಟರಲ್ಲಿ ಇನ್ನೊಂದು ಟ್ರಿಪ್ ತಪ್ಪುತ್ತೆ, ತಪ್ಪಿದ ಬೀದಿಯವರು ಕವರ್ ಎಸೀತಾರೆ ಅಂತ ಸಿವಿಲ್ ಇಂಜಿನಿಯರ್ ಅಂಕಲ್ ಲೆಕ್ಕ ಹಾಕಿ ತೋರಿಸಿದ್ರು. ಕಾಲೇಜು ಹುಡುಗಿಯೊಬ್ಬಳು ಒಳ್ಳೆ ಐಡಿಯಾ ಕೊಟ್ಟಳು, ಬೆಂಚು ಗುಬ್ಬಚ್ಚಿ ಬಿಟ್ಟು ಆ ದುಡ್ಡಲ್ಲಿ ಅಲ್ಲೇ ಒಂದು ಸಿಮೆಂಟ್ ಕಟ್ಟೆ, ಮೇಲೊಂದು ಶೀಟು, ಕೊಳೆ ನೀರು ಹೋಗೋಕೆ ಇಳಿಜಾರು ಕಾಲುವೆ, ಒಂದು ನಲ್ಲಿ, ಶೌಚಾಲಯದ ಬೀಗದ ಒಂದು ಕೀಲಿ ಅಕ್ಕಂದಿರಿಗೆ, ಇಷ್ಟು ಮಾಡಿಸೋಣ ಅಂತ. ನಂಗೆ ಕುಣಿಯೋಷ್ಟು ಖುಷಿ ಆಯ್ತು. ದುಡ್ಡು ಕೊಡ್ತೀವಿ ಅಂದಿದ್ದ ಕಂಪನಿ ಹುಡುಗ್ರು ಮಾತ್ರ ಸ್ವಲ್ಪ ತಣ್ಣಗಾದ್ರು, ಶೀಟು ಹಾಕೋ ಕೆಲಸದಲ್ಲಿ ವಾಲಂಟಿಯರ್ಸ್ ಏನು ಮಾಡ್ತಾರೆ, ನಮ್ಮ ಟೀಮ್‌ನವರಿಗೆ ಪೇಂಟಿಂಗ್ ಆಕ್ಟಿವಿಟಿ ಬೇಕಿತ್ತು ಅಂತ. ನಲ್ಲಿ ಕನೆಕ್ಷನ್ನಿಗೆ ಸಂಬಂಧಪಟ್ಟ ಆಫೀಸಲ್ಲಿ ಅರ್ಜಿ ಕೊಟ್ಟಿದ್ದೀವಿ, ಮುಂದಿನ ವಾರ ಬನ್ನಿ ಅಂದಿದ್ದಾರೆ, ಅದು ಯಾವ ಮುಂದಿನ ವಾರ ಅಂತ ಹೇಳಿಲ್ಲ.

ಸರಿ, ಎಲ್ಲರೂ ಕೂತು ಒಂದು ಸಲ ಮಾತಾಡೋಣ, ಅಕ್ಕಂದಿರನ್ನೂ ಟಿಪ್ಪರ್ ಡ್ರೈವರನ್ನೂ ಕರೆಯೋಣ ಅಂತ ತೀರ್ಮಾನ ಆಗಿದೆ. ಟೈಮ್ ಯಾವುದು ಅಂತ ಗ್ರೂಪಲ್ಲಿ ಪೋಲ್ ಹಾಕಿದ್ದಾರೆ. ಅಕ್ಕಂದಿರ ಹಾಜರಾತಿ ಬೆಳಿಗ್ಗೆ ಆರೂವರೆಗೆ, ಕೆಲಸ ಮುಗಿಯೋದು ಮಧ್ಯಾಹ್ನ ಎರಡೂವರೆಗೆ, ಅದಕ್ಕೇ ನಾನು ಮಧ್ಯಾಹ್ನ ಮೂರು ಅಂತ ಸೇರಿಸಿದ್ದೆ. ಸದ್ಯಕ್ಕೆ ಬೆಳಿಗ್ಗೆ ಆರೂವರೆಗೆ ಇಪ್ಪತ್ತೊಂದು ಓಟು, ಮಧ್ಯಾಹ್ನ ಮೂರಕ್ಕೆ ನಾಲ್ಕು. ಪೋಲ್ ಗುರುವಾರ ರಾತ್ರಿವರೆಗೂ ಓಪನ್ ಇದೆ, ನಮ್ಮ ಏರಿಯಾದವರು ಯಾರಾದ್ರೂ ಇದನ್ನ ಓದ್ತಿದ್ರೆ ದಯವಿಟ್ಟು ಮೂರಕ್ಕೆ ಒತ್ತಿ, ಶನಿವಾರ ಮಧ್ಯಾಹ್ನದ ನಿದ್ದೆ ಒಂದು ವಾರ ಬಿಟ್ರೆ ಏನೂ ಆಗಲ್ಲ.